ತಂಪಿನಲ್ಲಿಟ್ಟ ರಕ್ತ

ರೇಣು ಆಸ್ಪತ್ರೆಯ ಫ್ರಿಜ್ಜಿನ ಬಾಗಿಲು ತೆರೆದದ್ದು ಒಂದು ಗುಟುಕು ತಣ್ಣೀರಿಗಾಗಿ. ಮೇಲಿನ ಹಲಗೆಯಲ್ಲಿ ಇನ್ಸುಲಿನ್ ಡಬ್ಬಿಗಳಿದ್ದವು, ಕೆಳಗೆ ಶೀತಲ್ ಸಿಸ್ಟರ್ ಅವರ ಊಟದ ಡಬ್ಬಿ, ಅದರ ಮೇಲೆ ಅರ್ಧ ಹೋಳು ನಿಂಬೆಹಣ್ಣು. ಬಾಗಿಲಿನ ಖಾನೆಯಲ್ಲಿ, ನೀರಿನ ಬಾಟಲಿಗಳ ಪಕ್ಕ, ನೇರಳೆ ಮುಚ್ಚಳದ ಐದು ರಕ್ತದ ಟ್ಯೂಬುಗಳು ಸಾಲಾಗಿ ನಿಂತಿದ್ದವು. ಬಾಟಲಿಗೆ ಚಾಚಿದ ಕೈ ಅಲ್ಲೇ ನಿಂತಿತು. ಟ್ಯೂಬುಗಳಿಗೆ ಅಂಟಿಸಿದ ಚೀಟಿಗಳ ಮೇಲಿದ್ದದ್ದು ಅವಳದೇ ಅಕ್ಷರ, ಮುಂಚಿತವಾಗಿ ಬರೆದು ಕಳಿಸಿದ್ದು.

ಒಂದನ್ನು ಎತ್ತಿ ಅಂಗೈಯಲ್ಲಿ ಹಿಡಿದಳು. ಕೊರೆಯುವಷ್ಟು ತಣ್ಣಗಿತ್ತು.

"ಸಿಸ್ಟರ್, ಹೇ ಇಥೆ ಕೋಣೀ ಠೇವಲೇ?" ಇವನ್ನು ಇಲ್ಲಿ ಇಟ್ಟವರು ಯಾರೆಂದು ಮರಾಠಿಯಲ್ಲಿ ಕೇಳಿದಳು.

ಶೀತಲ್ ಸಿಸ್ಟರ್ ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. "ಅಂಬಣ್ಣಾ ಕಾಕಾ ಠೇವತಾತ. ನೇಹಮೀಚ."

ಅಂಬಣ್ಣ ಕಾಕಾ ಇಡುತ್ತಾರೆ, ಯಾವಾಗಲೂ. ಆ 'ಯಾವಾಗಲೂ' ಕೇಳಿ ರೇಣು ಕೈಯಲ್ಲಿದ್ದ ಟ್ಯೂಬನ್ನು ಅದರ ಸಾಲಿಗೇ ಮರಳಿ ಇಟ್ಟಳು. ನೀರು ಕುಡಿಯುವುದನ್ನು ಮರೆತು ಬಾಗಿಲು ಹಾಕಿದಳು.

ಆ ಆಸ್ಪತ್ರೆಯಲ್ಲಿ ಪ್ರತಿ ಮಂಗಳವಾರ ಲೂಪಸ್ ರೋಗಿಗಳ ಸರದಿ. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ತಿರುಗಿಬಿದ್ದು ಮೈಯನ್ನು ಕೆಡಿಸುವ ಕಾಯಿಲೆ ಅದು. ಬರುವವರಲ್ಲಿ ಹತ್ತಕ್ಕೆ ಒಂಬತ್ತು ಹೆಂಗಸರು. ಒಪ್ಪಿದವರಿಂದ ಒಂದೊಂದು ಟ್ಯೂಬು ರಕ್ತ ತೆಗೆದು ಪುಣೆಯ ಇನ್ನೊಂದು ತುದಿಯ ಸಂಶೋಧನಾ ಸಂಸ್ಥೆಗೆ ಒಯ್ಯುತ್ತಿದ್ದರು. ಅಲ್ಲಿ ಆ ರಕ್ತದ ಮೇಲೆ ರೇಣುವಿನ ಪಿಎಚ್‌ಡಿ ನಡೆದಿತ್ತು, ಮೂರು ವರ್ಷದಿಂದ. ಒಯ್ಯುವ ಕೆಲಸ ಅಂಬಣ್ಣನದು. ರೇಣು ಆಸ್ಪತ್ರೆಗೆ ಬರುತ್ತಿದ್ದದ್ದು ವರ್ಷಕ್ಕೆ ಒಂದೆರಡು ಸಲ, ಡಾಕ್ಟರರ ಸಹಿ ಬೇಕಾದಾಗ. ಇವತ್ತೂ ಅದಕ್ಕೇ ಬಂದಿದ್ದಳು.

ಅಂಬಣ್ಣ ಹೊರಗೆ ಬೆಂಚಿನ ಮೇಲೆ, ನೀಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಐವತ್ತರ ಆಸುಪಾಸಿನ ಒಣಕಲು ಮನುಷ್ಯ, ಕಲಬುರಗಿ ಕಡೆಯವನು. ಹಿಂಜವಾಡಿಯ ಎತ್ತರದ ಕಟ್ಟಡಗಳಿಗೆ ಹದಿನೈದು ವರ್ಷ ಇಟ್ಟಿಗೆ ಹೊತ್ತು, ಸೊಂಟ ಹೋದಮೇಲೆ ಈ ಕೆಲಸಕ್ಕೆ ಬಂದವನು. ರೇಣುವನ್ನು ಕಂಡು ಎದ್ದು ನಿಂತ.

"ಕಾಕಾ, ಟ್ಯೂಬ್ ಫ್ರಿಜ್ಜಿನಾಗ ಯಾಕ ಇಟ್ಟೀರಿ?"

"ಇಡ್ಲಿಲ್ದ ಹ್ಯಾಂಗ್ರಿ ಅಕ್ಕೋರ? ಮೊದಲನೇದು ಒಂಬತ್ತಕ್ಕ ತಗೀತಾರ, ಕಡೀದು ಒಂದಕ್ಕ. ಅಲ್ಲೀತನ ಈ ಧಗಿಯಾಗ ಹೊರಗ ಇಟ್ರ ಏನ್ ಉಳೀತದ?" ಅವನ ದನಿಯಲ್ಲಿ ಹೆಮ್ಮೆಯಿತ್ತು. "ಮೊದಮೊದಲ ಸಿಸ್ಟರ್ ಬೈತಿದ್ರು, ಔಷಧದ ಫ್ರಿಜ್ಜಿನಾಗ ರಕ್ತ ಇಡಬ್ಯಾಡ ಅಂತ. ಕೈ ಮುಗದು ಜಾಗಾ ಮಾಡಿಸ್ಕೊಂಡೀನಿ."

"ಎಂದಿನಿಂದ ಇಡಾಕತ್ತೀರಿ?"

"ನೀವ್ ಹೇಳಿದಾಗಿಂದ್ರಿ."

"ನಾ ಹೇಳಿದ್ನಾ?"

"ಮೊದಲ ಬ್ಯಾಸಗಿ, ನೆನಪಿಲ್ಲೇನ್ರಿ? ನಾ ತಂದ ಮೊದಲನೇ ಟ್ಯೂಬs ಬಿಸಿ ಆಗಿ ಬಂದು ಚೆಲ್ಲಬೇಕಾಗಿತ್ತು. ಮನ್ಯಾಗ ಹಾಲು ಹಿಂಗ ಬಿಸಿಲಾಗ ಇಡ್ತೀರೇನು ಕಾಕಾ ಅಂದ್ರಿ. ಅವತ್ತಿನಿಂದ ಒಂದು ದಿನಾನೂ ತಪ್ಪಿಸಿಲ್ಲ."

ನೆನಪಾಯಿತು. ಆ ದಿನ ಅವಳಿಗೆ ಎಲ್ಲದರ ಮೇಲೂ ಸಿಟ್ಟಿತ್ತು, ಯಂತ್ರ ಕೆಟ್ಟಿತ್ತು, ಊಟ ಆಗಿರಲಿಲ್ಲ. ಬಾಗಿಲಲ್ಲಿ ಸಿಕ್ಕ ಅಂಬಣ್ಣನ ಮೇಲೆ ಹರಿಹಾಯ್ದಿದ್ದಳು. ಅಂದ ಮಾತನ್ನು ಮರುಕ್ಷಣ ಮರೆತೂಬಿಟ್ಟಿದ್ದಳು. ಕೇಳಿಸಿಕೊಂಡವನು ಮರೆತಿರಲಿಲ್ಲ.

ನಿಯಮದ ಹಾಳೆ ಪ್ರಯೋಗಾಲಯದ ಗೋಡೆಗೆ ಅಂಟಿಕೊಂಡೇ ಇತ್ತು, ಇಂಗ್ಲಿಷಿನಲ್ಲಿ. ಅದನ್ನು ಅಂಬಣ್ಣನಿಗೆ ಕನ್ನಡದಲ್ಲಿ ತಿಳಿಸಿ ಹೇಳಿದವಳು ರೇಣುವೇ. ಅಲುಗಾಡಿಸಬೇಡಿ, ಓರೆ ಹಿಡಿಯಬೇಡಿ, ಕೂಸಿನ ಹಾಗೆ ಜೋಪಾನ ಮಾಡಿ ಎಂದೆಲ್ಲ ಹೇಳಿದ್ದಳು. ಕೋಣೆಯ ಸಾಧಾರಣ ಬಿಸಿಯಲ್ಲೇ ಇರಬೇಕು, ತಂಪಿಗಿಡಬಾರದು ಎಂಬ ಸಾಲೊಂದನ್ನು ಹೇಳಿರಲಿಲ್ಲ. ಯಾರಾದರೂ ತಂಪಿಗಿಟ್ಟಾರು ಎಂಬುದೇ ಹೊಳೆದಿರಲಿಲ್ಲ. ಟ್ಯೂಬುಗಳು ತನ್ನ ಕೈಗೆ ಬರುವಾಗ ಎಂದೂ ತಣ್ಣಗಿರುತ್ತಿರಲಿಲ್ಲವಲ್ಲ ಎಂದುಕೊಂಡಳು. ಹೇಗಿದ್ದಾವು? ಒಂದು ತಾಸಿಗೂ ಹೆಚ್ಚು ಬಸ್ಸಿನಲ್ಲಿ, ಈ ಊರಿನ ಟ್ರಾಫಿಕ್ಕಿನಲ್ಲಿ, ಅವನ ತೊಡೆಯ ಮೇಲೆ ಕುಳಿತು ಬರುತ್ತಿದ್ದವು.

"ಯಾಕ್ರಿ ಅಕ್ಕೋರ, ಏನರ ತಪ್ಪಾಗೇದೇನು?"

ರೇಣು ಅವನ ಮುಖ ನೋಡಿದಳು. "ಇಲ್ಲ ಕಾಕಾ. ಹೊಸ ನಿಯಮ ಬಂದದ. ಮುಂದಿನ ವಾರದಿಂದ ಹೊರಗ ಇಡ್ರಿ, ನೆಳ್ಳಾಗ."

"ಹೊಸಾದೇನ್ರಿ?"

"ಹೂಂ."

"ಆತ್ರಿ," ಎಂದ. ಟ್ಯೂಬುಗಳನ್ನು ತಾನೇ ಒಯ್ಯುವೆನೆಂದು ಹೇಳಿ ರೇಣು ಡಬ್ಬಿ ಇಸಿದುಕೊಂಡಳು. ಆಟೋದಲ್ಲಿ ಕುಳಿತಾಗ ಅವಳಿಗೆ ಥೀಸಿಸ್ಸಿನ ಯೋಚನೆ ಬಂದದ್ದು ಎರಡನೆಯದಾಗಿ. ಮೊದಲು ಬಂದದ್ದು ಸಾವಿತ್ರಿಬಾಯಿಯ ಮುಖ.

ಸಾವಿತ್ರಿಬಾಯಿ ಅಂಬಣ್ಣನ ಹೆಂಡತಿ. ಕೆನ್ನೆಗಳ ಮೇಲೆ ಸುಟ್ಟ ಹಾಗೆ ಕೆಂಪು ಕಲೆ, ಊದಿದ ಬೆರಳುಗಳು. ಸಿಮೆಂಟಿನ ಅಲರ್ಜಿ ಎಂದು ಎರಡು ವರ್ಷ ಮುಲಾಮು ಹಚ್ಚಿಕೊಂಡು ಕಳೆದಮೇಲೆ ಲೂಪಸ್ ಎಂದು ಗೊತ್ತಾಗಿತ್ತು. ಗಂಡನಿಗೆ ಈ ಕೆಲಸ ಸಿಕ್ಕಿದ್ದೇ ಆಕೆಯ ಕಾಯಿಲೆಯಿಂದ. ಮಂಗಳವಾರ ಮಂಗಳವಾರ ಹೇಗೂ ಬರುತ್ತೀರಿ, ರಕ್ತ ಒಯ್ಯುವ ಕೆಲಸ ಮಾಡುತ್ತೀರಾ ಎಂದು ಡಾಕ್ಟರರೇ ಕೇಳಿದ್ದರು. ಒಮ್ಮೆ ಆಕೆ ಗಂಡನ ಜೊತೆ ಸಂಸ್ಥೆಗೂ ಬಂದಿದ್ದಳು. ತನ್ನ ರಕ್ತದಲ್ಲಿ ಏನು ಹುಡುಕುತ್ತೀರಿ ಎಂದು ಕೇಳಿದ್ದಳು.

ರೇಣುವಿಗೆ ಆ ಪ್ರಶ್ನೆಯನ್ನು ಅಷ್ಟು ನೇರವಾಗಿ ಅದುವರೆಗೆ ಯಾರೂ ಕೇಳಿರಲಿಲ್ಲ. ಬಿಳಿ ಕಣದೊಳಗಿಂದ ಅಪ್ಪಣೆಗಳು ಹೊರಡುತ್ತವೆ, ಇದನ್ನು ಮಾಡಿ, ಅವನನ್ನು ಹೊಡೆಯಿರಿ ಎಂದು. ಮೈಕ್ರೋಆರ್‌ಎನ್‌ಎ ಎಂಬ ಬಹಳ ಚಿಕ್ಕ ತುಣುಕುಗಳು ಹೋಗಿ ಆ ಅಪ್ಪಣೆಗೆ ಅಂಟಿಕೊಂಡು ಅದನ್ನು ಅಲ್ಲಿಗೇ ತಡೆಯುತ್ತವೆ. ಎಷ್ಟು ಹೊಡೆಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಅವುಗಳ ಕೈಯಲ್ಲಿ. ಇದನ್ನು ಹೇಗೆ ಹೇಳುವುದು? "ಮನ್ಯಾಗ ಗಂಡಸರು ಜಗಳಕ್ಕ ನಿಂತಾಗ ಒಳಗಿಂದ ಒಬ್ಬಾಕಿ ಮುದುಕಿ 'ಸಾಕ್ ಬಿಡ್ರಿ' ಅಂತಾಳಲ್ರಿ, ಎಲ್ಲಾರೂ ಸುಮ್ಮ ಆಗ್ತಾರಲ್ಲ, ಹಂಗ," ಎಂದಿದ್ದಳು. ಸಾವಿತ್ರಿಬಾಯಿ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ನನ್ನ ಮೈಯಾಗಿನ ಮುದುಕಿ ಸತ್ತಾಳ," ಎಂದು ನಕ್ಕುಬಿಟ್ಟಿದ್ದಳು. ಅಂಬಣ್ಣನೂ ನಕ್ಕಿದ್ದ.

ಆಕೆ ಹೋದದ್ದು ಕಳೆದ ದೀಪಾವಳಿಗೆ ಮುಂಚೆ. ಮೂತ್ರಪಿಂಡಗಳು ಕೈಕೊಟ್ಟಿದ್ದವು. ಹದಿನೈದನೆಯ ದಿನಕ್ಕೆ ಅಂಬಣ್ಣ ಕೆಲಸಕ್ಕೆ ಬಂದ. ಏನು ಹೇಳಬೇಕೆಂದು ತಿಳಿಯದೆ ರೇಣು, "ಅವರ ರಕ್ತ ನಮ್ಮ ಹತ್ತರ ಅದ ಕಾಕಾ. ಅದು ಕೆಲಸ ಮಾಡಾಕತ್ತದ," ಎಂದಿದ್ದಳು. ಆ ಮಾತನ್ನೂ ಅವನು ಮರೆಯಲಿಲ್ಲ. ಚಹಾ ಕೊಡುವಾಗ, ಡಬ್ಬಿ ಇಳಿಸುವಾಗ ನಡುನಡುವೆ, "ನಮ್ಮಾಕೀದು ಏನಂತದ್ರಿ?" ಎಂದು ಕೇಳುತ್ತಿದ್ದ. ಊರಲ್ಲಿದ್ದ ಹೆಂಡತಿಯ ಸುದ್ದಿ ಕೇಳುವವನ ಹಾಗೆ.

ಕಳೆದ ತಿಂಗಳಷ್ಟೇ ಅವಳು ಅವನಿಗೆ ದೊಡ್ಡ ಸುದ್ದಿ ಹೇಳಿದ್ದಳು. ಲೂಪಸ್ ಇದ್ದ ಅರವತ್ತೊಂದು ಹೆಂಗಸರ ಬಿಳಿ ಕಣಗಳಲ್ಲಿ ಇನ್ನೂರ ಇಪ್ಪತ್ಮೂರು ಎಂಬ ಸಂಖ್ಯೆಯ ತುಣುಕು ಇರಬೇಕಾದ್ದಕ್ಕಿಂತ ಏಳೆಂಟು ಪಟ್ಟು ಹೆಚ್ಚಿತ್ತು. ಅದು ಸಾಮಾನ್ಯವಾಗಿ ಇರುವುದು ನ್ಯೂಟ್ರೋಫಿಲ್ ಎಂಬ ಬೇರೆ ಜಾತಿಯ ಬಿಳಿ ಕಣದಲ್ಲಿ. ಇಲ್ಲಿ ಇಷ್ಟೊಂದು ಇರುವುದೇ ರೋಗದ ಗುಟ್ಟಿರಬಹುದು. ಲೇಖನ ಒಪ್ಪಿಗೆಯಾಗಿತ್ತು, ಇನ್ನು ಮೂರು ವಾರದಲ್ಲಿ ಅಚ್ಚಾಗುವುದಿತ್ತು. ಧನಕವಡಿಯಲ್ಲಿ ಕಾಲೇಜಿನ ಎದುರು ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದ ಅವಳ ಅಪ್ಪ ಚನ್ನವೀರಪ್ಪ ಪೆನ್ನು ಕೊಳ್ಳಲು ಬಂದವರಿಗೆಲ್ಲ ಪೇಢೆ ಹಂಚಿದ್ದರು. ಅಂಬಣ್ಣ ಕೇಳಿದ್ದು ಒಂದೇ ಮಾತು. "ಸಾವಿತ್ರೀದರಾಗೂ ಸಿಕ್ತೇನ್ರಿ?" ಸಿಕ್ಕಿತು ಎಂದಾಗ ಅವನು ತಲೆಯ ಟೊಪ್ಪಿಗೆ ತೆಗೆದು, ಮತ್ತೆ ಇಟ್ಟುಕೊಂಡು ಹೋಗಿದ್ದ.

ಈಗ ಆಟೋದಲ್ಲಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ರೇಣುವಿಗೆ ಎಲ್ಲ ಬಿಡಿಸಿದಂತೆ ಕಂಡಿತು. ತೆಗೆದ ರಕ್ತವನ್ನು ತಂಪಿನಲ್ಲಿ ತಾಸುಗಟ್ಟಲೆ ಇಟ್ಟರೆ ನ್ಯೂಟ್ರೋಫಿಲ್‌ಗಳು ಕೆರಳಿ ಹಗುರಾಗಿಬಿಡುತ್ತವೆ. ಯಂತ್ರದಲ್ಲಿ ಗರಗರ ತಿರುಗಿಸಿದಾಗ ತಳಕ್ಕೆ ಇಳಿಯಬೇಕಾದವು ಇಳಿಯದೆ, ತನಗೆ ಬೇಕಾದ ಕಣಗಳ ಪದರದಲ್ಲೇ ಬೆರೆತು ಕೂರುತ್ತವೆ. ಅವು ಬಂದಲ್ಲಿ ಇನ್ನೂರ ಇಪ್ಪತ್ಮೂರೂ ಬರುತ್ತದೆ. ಆರೋಗ್ಯವಂತ ಹೆಂಗಸರ ರಕ್ತವನ್ನು ಸಂಸ್ಥೆಯಲ್ಲೇ ತೆಗೆದು ಆಗಿಂದಾಗಲೇ ತಿರುಗಿಸುತ್ತಿದ್ದರು, ಅದರಲ್ಲಿ ಹೆಚ್ಚಿಗೆ ಕಾಣಲಿಲ್ಲ. ಅವಳು ಮೂರು ವರ್ಷ ಅಳೆದದ್ದು ರೋಗವನ್ನಲ್ಲ, ಒಂದು ಫ್ರಿಜ್ಜನ್ನು.

ಆದರೂ ಮನಸ್ಸು ಒಪ್ಪಬೇಕಲ್ಲ. ಬುಧವಾರ ಬೆಳಿಗ್ಗೆ ಗೆಳತಿಯೊಬ್ಬಳಿಂದ ತನ್ನದೇ ತೋಳಿನ ರಕ್ತ ತೆಗೆಸಿದಳು, ಎರಡು ಟ್ಯೂಬು. ಒಂದನ್ನು ಮೇಜಿನ ಮೇಲೆ ಇಟ್ಟಳು, ಇನ್ನೊಂದನ್ನು ಫ್ರಿಜ್ಜಿನಲ್ಲಿ. ನಾಲ್ಕು ತಾಸು ಕಾದಳು. ಯಾವ ದೇವರಿಗೂ ಹರಕೆ ಹೊರುವವಳಲ್ಲ, ಅವತ್ತು ಹೊತ್ತಳು. ಗುರುವಾರ ಮಧ್ಯಾಹ್ನ ಯಂತ್ರದ ಪರದೆಯ ಮೇಲೆ ಗೆರೆಗಳು ಎದ್ದವು. ತಂಪಿನಲ್ಲಿಟ್ಟ ಟ್ಯೂಬಿನಲ್ಲಿ ಇನ್ನೂರ ಇಪ್ಪತ್ಮೂರು ಆರು ಪಟ್ಟು ಹೆಚ್ಚಿತ್ತು. ಯಾವ ರೋಗವೂ ಇಲ್ಲದ ರೇಣುವಿನ ರಕ್ತ, ಆ ಲೆಕ್ಕದ ಪ್ರಕಾರ, ಲೂಪಸ್ ರೋಗಿಯದಾಗಿತ್ತು.

ಆ ಸಂಜೆ ಮನೆಗೆ ಬಂದು ಅಡಿಗೆಮನೆಯ ನೆಲದ ಮೇಲೆ ಆಯಿಯ ಎದುರು ಕುಳಿತಳು. ಆಯಿ, ಎಂದರೆ ಅವಳ ಅಜ್ಜಿ ಬಸವಣ್ಣೆವ್ವನಿಗೆ ಎಂಬತ್ತೆರಡು. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮೊಮ್ಮಗಳ ಮುಖ ನೋಡಿ, ಅರ್ಧ ಸಿವುಡನ್ನು ಅವಳ ಮುಂದೆ ಸರಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದರು. ಆಮೇಲೆ ರೇಣು ಎಲ್ಲವನ್ನೂ ಹೇಳಿದಳು, ತಂಪಿನದು, ಹಾಲಿನ ಮಾತಿನದು, ಸಾವಿತ್ರಿಬಾಯಿಯದು.

"ನಿನ್ನ ಓದು?" ಎಂದಳು ಆಯಿ.

"ಓದು ಮತ್ತ ಮೊದಲಿಂದ ಮಾಡಬೇಕಾಗ್ತದ ಆಯಿ. ಮೇಡಂಗ ನಾಳೆ ಹೇಳ್ತೀನಿ. ಅದರ ಬಗ್ಗೆ ನನಗ ಎರಡು ಮನಸಿಲ್ಲ." ಇದು ಪೂರ್ತಿ ನಿಜವಾಗಿರಲಿಲ್ಲ. ಮಧ್ಯಾಹ್ನ ಒಂದು ತಾಸು ಎರಡು ಮನಸ್ಸೇ ಇತ್ತು. "ಅಂಬಣ್ಣ ಕಾಕಾಗ ಹ್ಯಾಂಗ ಹೇಳ್ಲಿ? ಹೆಂಡತಿ ಹೋದಮ್ಯಾಗ ಆ ರಕ್ತಾ ಒಂದs ಅಂವಂಗ ಉಳಿದದ್ದು. ಅದನ್ನ ನೀನs ಕೆಡಿಸಿದಿ ಅಂತ ಹೇಳೂದಾ? ಹೇಳಲಾರದs ಬಿಟ್ರ ಅಂವಂಗ ಗೊತ್ತಾಗೂದಿಲ್ಲ."

"ಅವ ಸಾಲಿ ಕಲ್ತಿಲ್ಲ ಅಂತ ಗೊತ್ತಾಗೂದಿಲ್ಲ ಅಂತೀಯೇನು?"

"ಹಂಗಲ್ಲ."

ಆಯಿ ಒಂದು ಕಡ್ಡಿ ಮುರಿದಳು. "ಹೇಳಲಾರದs ಬಿಟ್ರ ಯಾರಿಗಿ ಹಗುರ ಆಗ್ತದವ್ವಾ, ಅವಂಗೋ, ನಿನಗೋ?"

ರೇಣುವಿಗೆ ಅಜ್ಜಿಯ ಮೇಲೆ ಸಿಟ್ಟೇ ಬಂತು. ಎಂಬತ್ತೆರಡು ವರ್ಷದವರಿಗೆ ಕೇಳುವುದು ಸುಲಭ, ಆ ಮನುಷ್ಯನ ಮುಖ ನೋಡಬೇಕಾದವಳು ತಾನು ಎಂದುಕೊಂಡು, ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದುಹೋದಳು.

ಶುಕ್ರವಾರ ಅವಳ ಮಾರ್ಗದರ್ಶಕಿ ಡಾಕ್ಟರ್ ರಂಜಿನಿ ಆ ಗೆರೆಗಳನ್ನು ಹತ್ತು ನಿಮಿಷ ನೋಡಿದರು. ಮೈಸೂರಿನವರು, ಪುಣೆಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಮಾತು ಅಲ್ಲಿಯದೇ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಸ್ಯಾಂಪಲ್?"

"ಎಲ್ಲಾನೂ ಮೇಡಂ. ಅರವತ್ತೊಂದೂ."

"ನಿಂಗೆ ಗೊತ್ತಲ್ವಾ, ಲೂಪಸ್‌ನಲ್ಲಿ ಹೇಗಿದ್ರೂ ಸ್ವಲ್ಪ ನ್ಯೂಟ್ರೋಫಿಲ್ ಮೇಲಿನ ಪದರಕ್ಕೆ ಬರುತ್ತೆ. ಹಾಗಂತ ಒಂದು ಲೈನ್ ಬರೆದುಬಿಟ್ಟಿದ್ರೆ ಇದನ್ನ ಯಾರೂ ಕೇಳ್ತಿರ್ಲಿಲ್ಲ."

"ಗೊತ್ತು ಮೇಡಂ. ನಿನ್ನೆ ಆ ಲೈನ್ ಬರದೂ ಬರದಿದ್ದೆ. ಆಮ್ಯಾಲೆ ಅಳಿಸಿದೆ."

ರಂಜಿನಿಯವರು ಕಿಟಕಿಯ ಕಡೆ ತಿರುಗಿದರು. ಅವರ ಹೆಸರೂ ಆ ಲೇಖನದಲ್ಲಿತ್ತು, ಅವರ ಮುಂದಿನ ಅನುದಾನವೂ ಅದರ ಮೇಲೆ ನಿಂತಿತ್ತು. "ಪೇಪರ್ ವಾಪಸ್ ತಗೊಳೋಣ," ಎಂದರು ಕೊನೆಗೆ. "ಇರೋದನ್ನೆಲ್ಲ ಡಿಸ್ಕಾರ್ಡ್ ಮಾಡಬೇಕು, ಯಾರೂ ತಪ್ಪಿ ಬಳಸೋ ಹಾಗಿರ್ಬಾರ್ದು. ಕಮಿಟಿಗೆ ಕಾರಣ ಬರ್ಕೊಡ್ಬೇಕು. ಯಾರು ಇಟ್ಟಿದ್ದು ಅಂತ ಕೇಳೇ ಕೇಳ್ತಾರೆ. ಅಂಬಣ್ಣ ಕಾಂಟ್ರಾಕ್ಟ್ ಮೇಲಿರೋದು, ನೋಡು."

"ನಾ ತಪ್ಪು ಹೇಳಿಕೊಟ್ಟೆ ಅಂತ ಬರೀತೀನಿ ಮೇಡಂ. ಖರೇನೂ ಅದs."

"ಫೆಲೋಶಿಪ್ ಡಿಸೆಂಬರ್‌ಗೆ ಮುಗಿಯುತ್ತೆ ನಿಂದು."

"ಹೂಂ."

"ಆಮೇಲೆ?"

ಆಮೇಲಿನದು ಅವಳಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಏನು ಹೇಳುವುದು, ಇನ್ನೆರಡು ವರ್ಷ ಹೇಗೆ, ಯಾವುದೂ ಗೊತ್ತಿರಲಿಲ್ಲ. ತನ್ನ ಮೇಜಿಗೆ ಹೋಗಿ ಕುಳಿತಳು. ವರದಿಯಲ್ಲಿ ಬರೆದಳು: ಮಾದರಿಗಳ ಸಾಗಣೆಯ ಬಗ್ಗೆ ಸಂಶೋಧಕಿಯು ಸರಿಯಾದ ಸೂಚನೆ ಕೊಡದ ಕಾರಣ. ಅಂಬಣ್ಣನ ಹೆಸರು ಎಲ್ಲಿಯೂ ಬರಲಿಲ್ಲ. ರಂಜಿನಿಯವರು ಅದರ ಕೆಳಗೆ ಸಹಿ ಮಾಡಿ, ಅವಳ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟರು. ಅಷ್ಟು ಮಾಡುವವರಲ್ಲ ಅವರು.

ಉಳಿದದ್ದು ಹಳೆಯ ಮಾದರಿಗಳನ್ನು ಹೊರಹಾಕುವ ಕೆಲಸ. ಸಂಸ್ಥೆಯಲ್ಲಿ ರಕ್ತದ ವಸ್ತು ಏನಿದ್ದರೂ ಹಳದಿ ಚೀಲಕ್ಕೆ ತುಂಬಬೇಕು. ಚೀಲ ಕೆಳಗಿನ ಅಂತಸ್ತಿಗೆ ಹೋಗಿ, ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಹಬೆಯೊಳಗೆ ಬೆಂದು, ಆಮೇಲೆ ಗಾಡಿ ಸೇರುತ್ತದೆ. ಆ ಚೀಲ ಒಯ್ಯುವುದು ಅಂಬಣ್ಣನ ಕೆಲಸ. ಅದಕ್ಕೇ ರೇಣು ಶನಿವಾರ ಮಧ್ಯಾಹ್ನವನ್ನು ಆರಿಸಿಕೊಂಡಳು. ಶನಿವಾರ ಅವನು ಒಂದಕ್ಕೆಲ್ಲ ಹೊರಟುಬಿಡುತ್ತಾನೆ. ತಾನೇ ಚೀಲ ಕಟ್ಟಿ ತಾನೇ ಇಳಿಸಿಬಂದರೆ ಮುಗಿಯಿತು. ಅವನು ಎಂದಾದರೂ ಕೇಳಿದರೆ ಇದೆ ಎಂದರಾಯಿತು, ಕೆಲಸ ಮಾಡುತ್ತಿದೆ ಎಂದರಾಯಿತು. ಈ ಒಂದು ಸುಳ್ಳನ್ನು ತಾನು ಬದುಕಿರುವವರೆಗೆ ಹೊರಬಲ್ಲೆ ಎಂದು ಅವಳಿಗೆ ಆಗ ಅನ್ನಿಸಿತ್ತು.

ಎರಡೂವರೆಗೆ ದೊಡ್ಡ ಫ್ರೀಜರಿನ ಬಾಗಿಲು ತೆಗೆದಳು. ಬಿಳಿ ಹೊಗೆ ಮುಖಕ್ಕೆ ಬಡಿಯಿತು. ದಪ್ಪ ಕೈಗವಸು ಹಾಕಿಕೊಂಡು ಡಬ್ಬಿಯನ್ನು ಮೇಜಿಗೆ ತಂದು, ಒಂದೊಂದೇ ಪುಟ್ಟ ಟ್ಯೂಬನ್ನು ಎತ್ತಿ, ಸಂಖ್ಯೆ ಓದಿ, ಪಟ್ಟಿಯಲ್ಲಿ ಗುರುತು ಮಾಡಿ ಚೀಲಕ್ಕೆ ಹಾಕತೊಡಗಿದಳು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದವು ಅವು, ತಳದಲ್ಲಿ ರಕ್ತದಿಂದ ಬೇರ್ಪಡಿಸಿದ ಕಣಗಳ ಒಂದು ಹನಿ. ಮೊದಲ ಸಾಲು ಮುಗಿದಾಗ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಸದ್ದಾಯಿತು.

ಒಳಗೆ ಬಂದವನು ಅಂಬಣ್ಣ.

"ಮನಿಗಿ ಹೋಗಿಲ್ಲೇನು ಕಾಕಾ?"

"ಹೋಗಿದ್ನ್ರಿ. ತಿರುಗಿ ಬಂದೆ." ಅವನ ಕಣ್ಣು ಚೀಲದ ಮೇಲಿತ್ತು. "ನಿನ್ನಿ ರಂಜಿನಿ ಮೇಡಂ ಶೀತಲ್ ಸಿಸ್ಟರ್‌ಗ ಫೋನ್ ಮಾಡಿದ್ರಂತ. ಫ್ರಿಜ್ಜಿನಾಗ ತಂಪು ಎಷ್ಟು ಇರ್ತದ, ಎಷ್ಟು ವರ್ಷದಿಂದ ಅದರಾಗ ರಕ್ತ ಇಡ್ತಾರ ಅಂತ ಕೇಳಿದ್ರಂತ. ಹೊಸ ನಿಯಮ ಬಂದ್ರ ಹಳೇ ವರ್ಷದ್ದು ಯಾಕ್ರಿ ಕೇಳ್ತಾರ?"

ರೇಣು ಕೈಗವಸು ತೆಗೆದಳು. ಡಬ್ಬಿಯ ಪಕ್ಕ ಇಟ್ಟಳು.

"ಇವೆಲ್ಲಾ ಕೆಟ್ಟಾವ?" ಎಂದ.

"ಕೆಟ್ಟಾವ ಕಾಕಾ."

"ಸಾವಿತ್ರೀದೂ ಇದರಾಗ ಅದನ್ರಿ?"

ಇಲ್ಲ ಎನ್ನಲು ಅವಳ ಬಾಯಿ ತಯಾರಾಗಿಯೇ ಇತ್ತು. ಅವರದು ಬೇರೆ ತೆಗೆದಿಟ್ಟೀನಿ, ಅದೊಂದು ಕೆಟ್ಟಿಲ್ಲ. ನಾಲ್ಕು ಮಾತು, ಅಷ್ಟೇ. ಎರಡು ದಿನದಿಂದ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿಯಾಗಿದ್ದವು. ಅಂಬಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಿ ಮೂರು ವರ್ಷ ನಡೆದ ಮನುಷ್ಯ ಇದನ್ನೂ ನಂಬುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದದ್ದರಿಂದಲೇ ನಾಲಿಗೆ ಏಳಲಿಲ್ಲ.

"ಅದ," ಎಂದಳು.

ಅಂಬಣ್ಣ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತ. ಪ್ರಯೋಗಾಲಯದೊಳಗೆ ಅವನು ಕುಳಿತದ್ದನ್ನು ರೇಣು ಅದುವರೆಗೆ ಕಂಡಿರಲಿಲ್ಲ.

"ನಾ ಹೇಳಿದ್ದಕ್ಕ ಆಗೇದ ಕಾಕಾ," ಎಂದಳು. "ನೀವು ನಾ ಹೇಳಿದ್ದನ್ನs ಮಾಡೀರಿ. ತಪ್ಪು ನಂದು. ನಾ ಹಂಗs ಬರದು ಕೊಟ್ಟೀನಿ."

ಅವನಿಗೆ ಅದು ಕೇಳಿಸಿತೋ ಇಲ್ಲವೋ.

"ಆಕೀಗಿ ಅವತ್ತು ನರ ಸಿಗವಲ್ದಾಗಿತ್ರಿ," ಎಂದ. "ಮೂರ್ ಸಲ ಚುಚ್ಚಿದ್ರು. ಕೈ ಎಲ್ಲಾ ನೀಲಿ ಆಗಿತ್ತು. ಇರ್ಲಿ ಬಿಡ್ರಿ, ಈಕೀದು ಬ್ಯಾಡ ಅಂತ ನಾನs ಸಿಸ್ಟರ್‌ಗ ಅಂದ್ನಿ. ಆಕಿ ಕೇಳ್ಲಿಲ್ಲ. ಇನ್ನೊಂದ್ ಕೈ ಚಾಚಿದ್ಳು." ಚೀಲದ ಕಡೆ ನೋಡಿದ. "ಆಕೀ ಟ್ಯೂಬ್ ನಾ ಫ್ರಿಜ್ಜಿನ ಬಾಗಲಾಗ ಇಡ್ಲಿಲ್ರಿ. ಬಾಗಲಾ ತಗದು ಹಾಕಿ ಮಾಡ್ತಾರ, ತಂಪು ಹೋಗ್ತದ ಅಂತ, ಔಷಧದ ಡಬ್ಬಿ ಸರಸಿ ಹಿಂದಕ್ಕ ಇಟ್ಟಿದ್ನಿ. ಹೆಚ್ಚಿನ ತಂಪು ಸಿಗ್ಲಿ ಅಂತ."

ರೇಣುವಿಗೆ ಇನ್ನು ತಡೆಯಲಾಗಲಿಲ್ಲ. ಅಂಗಿಯ ತೋಳಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅಂಬಣ್ಣ ಅಳಲಿಲ್ಲ. ಅವಳು ಸುಮ್ಮನಾಗುವವರೆಗೆ ಕಾದು, "ಯಾವುದದು, ತೋರಸ್ರಿ," ಎಂದ.

ಮತ್ತೆ ಕೈಗವಸು ಹಾಕಿಕೊಂಡು ಮೂರನೆಯ ಸಾಲಿನಿಂದ ಅವಳು ಅದನ್ನು ಎತ್ತಿದಳು. ಬರಿಗೈಯಲ್ಲಿ ಹಿಡಿಯಬೇಡಿ, ಸುಟ್ಟ ಹಾಗೆ ಆಗುತ್ತದೆ ಎನ್ನುವಷ್ಟರಲ್ಲಿ ಅವನು ಅಂಗೈ ಒಡ್ಡಿದ್ದ. ಇಟ್ಟಿಗೆ ಹೊತ್ತು ಜಡ್ಡುಗಟ್ಟಿದ ಅಂಗೈ, ಅದರ ಮೇಲೆ ಆ ಟ್ಯೂಬು ಅಕ್ಕಿಕಾಳಿನಷ್ಟೇ ಕಂಡಿತು.

"ಇಷ್ಟನ್ರಿ?"

"ಇಷ್ಟs ಕಾಕಾ."

ಅವನು ಮುಷ್ಟಿ ಮುಚ್ಚಿದ. ಗೋಡೆಯ ಮೇಲೆ ಗಡಿಯಾರ ಸರಿಯುತ್ತಿತ್ತು. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನು ಹೊಡೆಯುತ್ತ ಹೋಯಿತು. ಬೆರಳುಗಳ ಸಂದಿಯಿಂದ ಕರಗಿದ ಮಂಜಿನ ನೀರು ಒಂದು ಹನಿ ಇಳಿಯಿತು, ಇನ್ನೊಂದು ಇಳಿಯಿತು. ಬಿಡಿ ಎಂದು ಹೇಳುವ ಧೈರ್ಯ ರೇಣುವಿಗೆ ಆಗಲಿಲ್ಲ. ಕೊನೆಗೆ ಅವನೇ ಎದ್ದು, ಚೀಲದ ಬಾಯಿ ಅಗಲಿಸಿ, ಕೈಯನ್ನು ಒಳಗಿಳಿಸಿ ಟ್ಯೂಬನ್ನು ಮಿಕ್ಕವುಗಳ ಜೊತೆ ಇಟ್ಟ. ಎಸೆಯಲಿಲ್ಲ, ಇಟ್ಟ.

"ಉಳಿದವೂ ಹಾಕ್ರಿ," ಎಂದ.

ಅವಳು ಹಾಕಿದಳು. ಅವನು ನಿಂತು ನೋಡಿದ. ಎಲ್ಲ ಮುಗಿದಮೇಲೆ ಚೀಲದ ಬಾಯಿ ತಿರುವಿ, ಅವಳ ಕೈಯಿಂದ ದಾರ ತೆಗೆದುಕೊಂಡು ಎರಡು ಸುತ್ತು ಬಿಗಿದು ಗಂಟು ಹಾಕಿದ.

"ನಾ ಒಯ್ತೀನಿ ಕಾಕಾ. ನೀವ್ ಬ್ಯಾಡ್ರಿ."

"ನನ್ನ ಕೆಲಸರೀ ಅದು." ಬಾಗಿಲವರೆಗೆ ಹೋಗಿ ನಿಂತ. "ಮಂಗಳವಾರ ಎಷ್ಟು ಮಂದಿ ಬರ್ತಾರ್ರಿ?"

"ಒಂಬತ್ತು. ಹಳಬರs. ಮತ್ತೊಮ್ಮೆ ಕೊಡ್ರಿ ಅಂತ ಕೇಳಬೇಕು."

"ನಾ ಕೇಳ್ತೀನಿ," ಎಂದ ಅಂಬಣ್ಣ. "ಯಾಕ ಅಂತ ನಾನs ಹೇಳ್ತೀನಿ."

ಚೀಲದಲ್ಲಿ ತೂಕವೆಂಬುದೇ ಇರಲಿಲ್ಲ. ಒಂದು ಬೆರಳಿಗೆ ತೂಗುಹಾಕಿಕೊಂಡು ಒಯ್ಯಬಹುದಿತ್ತು. ಅವನು ಅದನ್ನು ಎರಡೂ ಕೈಗಳಲ್ಲಿ ಎತ್ತಿ ಎದೆಗೆ ಹಿಡಿದುಕೊಂಡು, ಲಿಫ್ಟಿನ ಕಡೆ ಹೋಗದೆ, ಸೊಂಟದ ನೋವಿಗೆ ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತ ಕೆಳಗಿಳಿದ.